ಗಂಟಲು ತೊಳೆದ ಊರು

ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ನಮಗೆ ಎರಡು ಬಾಟಲಿ ಕುರಿಯ ರಕ್ತ ಬರುತ್ತಿತ್ತು. ಐಸ್ ತುಂಬಿದ ನೀಲಿ ಡಬ್ಬಿಯಲ್ಲಿ ಕೂತು ಅದು ಘಟ್ಟ ಇಳಿದು, ರಾಮನಗುಳಿ, ಅಗಸೂರು ದಾಟಿ, ಅಂಕೋಲೆಯಲ್ಲಿ ಚಹಾಕ್ಕೆ ನಿಂತು, ಕಾರವಾರ ಮುಟ್ಟುವಾಗ ಊಟದ ಹೊತ್ತಾಗುತ್ತಿತ್ತು. ನಮ್ಮ ಕರಾವಳಿಯ ಸೆಕೆಗೆ ಕುರಿ ಬಾಳುವುದಿಲ್ಲ. ರಕ್ತ ಬೇಕೆಂದರೆ ಬಯಲುಸೀಮೆಯೇ ಗತಿ. ಡ್ರೈವರನ ಪಕ್ಕ ಇಟ್ಟರೆ ಕುಲುಕಾಟ ಕಡಿಮೆ, ಆದರೆ ಅಲ್ಲಿ ಮಾಲೆ ಹಾಕಿದ ದೇವರ ಪಟ ಇತ್ತು. "ದೇವ್ರ ಮುಂದ ರಕ್ತ ಇಡೂದಿಲ್ರಿ" ಎಂದು ಕಂಡಕ್ಟರು ಡಬ್ಬಿಯನ್ನು ಹಿಂದಿನ ಸೀಟಿನಡಿ ತಳ್ಳುತ್ತಿದ್ದ. ಅಲ್ಲಿ ಕುಲುಕಿ ಕುಲುಕಿ ರಕ್ತಕಣಗಳು ಒಡೆದು, ಕಾರವಾರ ತಲುಪುವಷ್ಟರಲ್ಲಿ ಮುರುಗಲ ಹಣ್ಣಿನ ಪಾನಕದ ಹಾಗಾಗಿರುತ್ತಿತ್ತು. ಕೊನೆಗೆ ಮಹಿಳೆಯರಿಗೆ ಮೀಸಲಾದ ಸೀಟಿನ ಕೆಳಗೆ ಎಂದು ರಾಜಿಯಾಯಿತು. ಆ ಸೀಟಿನಲ್ಲಿ ಕೂತ ಎಷ್ಟು ಹೆಂಗಸರು ಕಾಲಡಿ ಏನಿದೆ ಎಂದು ಗೊತ್ತಿಲ್ಲದೆ ನೆಮ್ಮದಿಯಾಗಿ ನಿದ್ದೆ ಹೊಡೆದರೋ ಏನೋ.

ಆ ರಕ್ತ ಬ್ಯಾಕ್ಟೀರಿಯಾಕ್ಕೆ ಊಟ. ಅದನ್ನು ಅಗಾರ್ ಎಂಬ ಜೆಲ್ಲಿಗೆ ಬೆರೆಸಿ, ಅಂಗೈ ಅಗಲದ ಪ್ಲೇಟುಗಳಿಗೆ ಹೊಯ್ದು, ಮಕ್ಕಳ ಗಂಟಲಿಗೆ ತಾಗಿಸಿದ ಹತ್ತಿಕಡ್ಡಿಯನ್ನು ಅದರ ಮೇಲೆ ಎಳೆಯುತ್ತಿದ್ದೆವು. ನಾವು ಹುಡುಕುತ್ತಿದ್ದ ಬ್ಯಾಕ್ಟೀರಿಯಾ ಗಂಟಲು ನೋವು ತರುವಂಥದ್ದು. ಗಂಟಲು ನೋವೇನು ಮಹಾ, ನಾಲ್ಕು ದಿನದಲ್ಲಿ ಹೋಗುತ್ತದೆ. ಆದರೆ ಕೆಲವು ಮಕ್ಕಳಿಗೆ ಅದಾದ ಕೆಲವೇ ವಾರಗಳಲ್ಲಿ ಕೀಲು ಬಾತು ಜ್ವರ ಬರುತ್ತದೆ. ಆ ಜ್ವರ ಹೋಗುವಾಗ ಹೃದಯದ ಕವಾಟವನ್ನು ಕೆಡಿಸಿ ಹೋಗುತ್ತದೆ. ಇದಕ್ಕೆ ಲಸಿಕೆ ಮಾಡಬೇಕೆಂದು ದೇಶ ವಿದೇಶದ ನಾಲ್ಕೈದು ಪ್ರಯೋಗಾಲಯಗಳು ಕೈಜೋಡಿಸಿದ್ದವು. ಅದರ ಕಟ್ಟಕಡೆಯ ಕೊಂಡಿ ನಾವು: ಕಾರವಾರದ ಒಂದು ಹಳೆಯ ಹೆಂಚಿನ ಕಟ್ಟಡದ ಎರಡು ಕೋಣೆ, ಕರೆಂಟು ಹೋದಾಗಲೆಲ್ಲ ಕಂಬಳಿ ಹೊದೆಸಬೇಕಾದ ಒಂದು ಇನ್‌ಕ್ಯುಬೇಟರ್, ಮೂರು ಜನ.

ಆ ಮೂವರಲ್ಲಿ ಮೊದಲನೆಯವರು ನಾವು ದೊಡ್ಡ ಮೇಡಂ ಎನ್ನುತ್ತಿದ್ದ ವಿಜ್ಞಾನಿ. ಮೈಸೂರು ಕಡೆಯವರು, ಐವತ್ತು ದಾಟಿದವರು, ಹತ್ತಿಯ ಸೀರೆಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ನನಗಿಂತ ಬೇಗ ನಡೆಯುತ್ತಿದ್ದವರು. ಎರಡನೆಯವರು ಪ್ರಯೋಗಾಲಯದ ತಂತ್ರಜ್ಞರು. ಕಾರವಾರದವರೇ, ಮನೆಯಲ್ಲಿ ಕೊಂಕಣಿ. ಪ್ಲೇಟು ಹೊಯ್ಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು, ಪಕ್ಕದಲ್ಲಿ ನಿಂತವರೂ ಹಿಡಿಯಬೇಕು. ಮೂರನೆಯವಳು ನಾನು. ಅಂಕೋಲೆ ತಾಲೂಕಿನ ಅವರ್ಸೆಯ ರೈತರ ಮನೆಯ ಹುಡುಗಿ, ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡಿಮಿಡಿ ಮಾಡುತ್ತಿದ್ದವಳು. ಊರೂರಿಗೆ ಹೋಗಿ ತಾಯಂದಿರನ್ನು ಒಪ್ಪಿಸಿ ಮಕ್ಕಳ ಗಂಟಲಿನ ಮಾದರಿ ತರುವುದು ನನ್ನ ಕೆಲಸ.

ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ್ದಕ್ಕೆ ಒಂದೇ ಕಾರಣ, ನನ್ನ ಅಕ್ಕ. ಒಂಬತ್ತನೇ ವರ್ಷಕ್ಕೆ ಅವಳ ಮೊಣಕಾಲು ಬಾತಿತ್ತು. ಬೆಳೆಯುವ ಮಕ್ಕಳಿಗೆ ಕಾಲು ನೋಯುವುದು ಸಹಜ ಎಂದು ಅಬ್ಬೆ ಎಣ್ಣೆ ತಿಕ್ಕಿದ್ದಳು. ಮದುವೆಯಾಗಿ ಮಗಳು ಹುಟ್ಟುವ ಹೊತ್ತಿಗೆ ಗೊತ್ತಾಯಿತು, ಕವಾಟ ಹೋಗಿದೆ ಎಂದು. ಅಂದಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಅಂಕೋಲೆಯ ಆಸ್ಪತ್ರೆಯಲ್ಲಿ ಪೆನ್ಸಿಲಿನ್ ಇಂಜೆಕ್ಷನ್. ಚುಚ್ಚಿಸಿಕೊಂಡ ಮೇಲೆ ಎರಡು ದಿನ ಒಂದೇ ಮಗ್ಗುಲಲ್ಲಿ ಮಲಗಬೇಕು, ಅಷ್ಟು ನೋವು. ಆಸ್ಪತ್ರೆಯ ಮುಂದೆ ಹನ್ನೊಂದು ಮೆಟ್ಟಿಲು. ನಾಲ್ಕಕ್ಕೆ ಒಮ್ಮೆ, ಎಂಟಕ್ಕೆ ಒಮ್ಮೆ ನಿಂತು, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು. ನನಗೆ ಅದು ನೆಪ ಎಂದು ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಕೆಲಸಕ್ಕೆ ಸೇರಿದ ವಾರ ದೊಡ್ಡ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಈ ಬ್ಯಾಕ್ಟೀರಿಯಾದಲ್ಲಿ ಒಂದೇ ಜಾತಿ ಇಲ್ಲ, ಹತ್ತಾರು ಬಗೆಗಳಿವೆ. ಒಂದು ಸೀಮೆಯ ಬಗೆ ಇನ್ನೊಂದು ಸೀಮೆಯಲ್ಲಿ ಇರುವುದಿಲ್ಲ. ಲಸಿಕೆ ಮಾಡುವವರು ಯಾವ ಯಾವ ಊರಿನ ಬಗೆಗಳು ಸಿಕ್ಕಿವೆಯೋ ಅವನ್ನೆಲ್ಲ ಒಂದು ಪಟ್ಟಿ ಮಾಡಿ, ಆ ಪಟ್ಟಿಗೆ ತಕ್ಕ ಹಾಗೆ ಲಸಿಕೆ ಹೆಣೆಯುತ್ತಾರೆ.

"ರೇಷನ್ ಕಾರ್ಡ್ ಇದ್ದ ಹಾಗೆ ಕಣಮ್ಮ" ಎಂದರು. "ಹೆಸರು ಇಲ್ಲದಿದ್ರೆ ಅಕ್ಕಿ ಇಲ್ಲ. ನಿಮ್ಮ ಕರಾವಳಿಯ ಬಗೆ ಆ ಪಟ್ಟಿಯಲ್ಲಿ ಇಲ್ಲದಿದ್ರೆ, ನಾಳೆ ಲಸಿಕೆ ಬಂದರೂ ನಿಮ್ಮ ಮಕ್ಕಳಿಗೆ ಅದು ನಾಟದೇ ಹೋಗಬಹುದು."

ಅವತ್ತು ಸಂಜೆಯ ಬಸ್ಸಿನಲ್ಲಿ ಅವರ್ಸೆಗೆ ಹೋಗುವಾಗ ನನ್ನ ತಲೆಯಲ್ಲಿ ಅಕ್ಕನ ಮಗಳೊಬ್ಬಳೇ ಇದ್ದಳು. ಅವಳಿಗೆ ಆಗ ಏಳು ವರ್ಷ. ಅವಳ ಹೆಸರು ಆ ಕಾರ್ಡಿಗೆ ಹತ್ತಲೇಬೇಕು ಎಂದು ನಾನು ಹಟ ಹಿಡಿದೆ, ಕಾರ್ಡಿನ ಮಾತನ್ನು ಅಕ್ಕನಿಗೂ ಹೇಳಿದೆ. ನನ್ನ ಹಟ ನಮ್ಮ ಮನೆಯಲ್ಲಿ ಪ್ರಸಿದ್ಧ.

ಮೊದಲ ಶಿಬಿರ ಅವರ್ಸೆಯ ಸಮುದ್ರದ ಬದಿಯ ಮೀನುಗಾರರ ಕೇರಿಯಲ್ಲಿ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಬಂದ ಕೆಲವು ಕುಟುಂಬಗಳೂ ಅಲ್ಲಿದ್ದವು. ಲಸಿಕೆ ಹೆಣೆಯುತ್ತಿದ್ದ ವಿದೇಶಿ ಪ್ರಯೋಗಾಲಯದಿಂದ ಒಬ್ಬ ವಿಜ್ಞಾನಿ ಬಂದಿದ್ದರು. ತೆಂಗಿನ ಗರಿಗೆ ತಲೆ ತಾಗುವಷ್ಟು ಎತ್ತರ, ಬಿಸಿಲಿಗೆ ಕೆಂಪಗಾದ ಮುಖ. ಅವರು ಮೊದಲ ಮಗುವಿನ ಬಾಯಿಗೆ ಟಾರ್ಚು ಬಿಟ್ಟರು. ಆ ಹುಡುಗಿ ಆಗಷ್ಟೇ ಗಂಜಿ ಮತ್ತು ಸುಟ್ಟ ಒಣಮೀನು ತಿಂದು ಬಂದಿದ್ದಳು. ಹಲ್ಲಿನ ಸಂದಿಯಲ್ಲಿ ಮೀನು, ನಾಲಿಗೆಯ ಮೇಲೆ ಅನ್ನ, ಮೇಲಿಂದ ಒಂದು ತೇಗು. ವಿಜ್ಞಾನಿ ನಕ್ಕು, ಮೂಗಿನ ಮುಂದೆ ಕೈ ಬೀಸಿ, ಏನೋ ತಮಾಷೆ ಮಾಡಿದರು. ಮಗುವೂ ನಕ್ಕಿತು. ಮೇಡಂ ಕೂಡ ನಕ್ಕರು.

ನಾನು ನಗಲಿಲ್ಲ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತ್ತು. ನನ್ನ ಊರು, ನನ್ನ ಜನ, ಪರದೇಶದವರ ಮುಂದೆ ಹೀಗೆ. ನಮ್ಮ ಮನೆಯಲ್ಲಿ ಬಾಯಿ ಮುಕ್ಕಳಿಸದೆ ಪಡಸಾಲೆಗೆ ಬಂದರೆ ಅಬ್ಬೆಯ ಸೌಟು ಬೆನ್ನಿಗೆ ಬೀಳುತ್ತಿತ್ತು. ಆ ಅಬ್ಬೆಯ ಮಗಳು ನಾನು. ಶಿಬಿರ ಮುಗಿದು ಎಲ್ಲರೂ ಜೀಪು ಹತ್ತುವಾಗ ನಾನು ಹಿಂದೆ ಉಳಿದು, ಸೇರಿದ್ದ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು ಸರಿಯಾಗಿ ಬೈದೆ.

"ಮುಂದಿನ ಸಲ ಹಿಂಗೇ ಕರ್ಕಂಡ್ ಬಂದ್ರೆ ನಾ ಒಳಗೇ ಬಿಡೂದಿಲ್ಲ ನೋಡಿ. ಬಾಯಿ ಗಂಟಲು ಎಲ್ಲ ಚೊಕ್ಕ ಮಾಡ್ಸೇ ಕರ್ಕಂಡ್ ಬರ್ಬೇಕು. ದೊಡ್ಡ ದೊಡ್ಡ ದಾಕ್ಟ್ರು ನೋಡೂಕೆ ಬರ್ತ್ರು, ನಮ್ಮ ಊರ ಮಾನ ತೆಗಿಬೇಡಿ."

ಯಾರೂ ಎದುರಾಡಲಿಲ್ಲ. ಆ ಕೇರಿಯವರಿಗೆ ಅಧಿಕಾರಿಗಳು ಹೊಸತಲ್ಲ. ಜಾಗ ಅಳೆಯುವವರು, ಮನೆ ಎಣಿಸುವವರು, ಫೋಟೋ ತೆಗೆಯುವವರು ಬಂದು ಬಂದು, ಯಾರ ಮುಂದೆ ಹೇಗೆ ನಿಲ್ಲಬೇಕು ಎಂಬುದು ಅವರಿಗೆ ರೂಢಿಯಾಗಿತ್ತು. ಎಣ್ಣೆ ಹಚ್ಚಿ ತಲೆ ಬಾಚುವುದು, ಒಗೆದ ಅಂಗಿ ಹಾಕುವುದು. ಅದರ ಜೊತೆಗೆ ನಾನು ಇನ್ನೊಂದನ್ನು ಸೇರಿಸಿದೆ, ಅಷ್ಟೇ. ಮತ್ತು ನನ್ನ ಈ ಭಾಷಣ ನನಗೇ ಎಷ್ಟು ಹಿಡಿಸಿತೆಂದರೆ ಅಗಸೂರಿನಲ್ಲಿ, ರಾಮನಗುಳಿಯಲ್ಲಿ, ಹೋದ ಹೋದ ಕಡೆಯಲ್ಲೆಲ್ಲ ಶಿಬಿರದ ಹಿಂದಿನ ದಿನವೇ ಹೋಗಿ ಅದನ್ನು ಒಪ್ಪಿಸಿ ಬರತೊಡಗಿದೆ.

ಎರಡನೇ ಶಿಬಿರದಿಂದ ಮಕ್ಕಳ ಬಾಯಿ ನೋಡುವ ಹಾಗಿತ್ತು. ಹಲ್ಲು ಫಳಫಳ, ಉಸಿರಲ್ಲಿ ವಾಸನೆ ಇಲ್ಲ. ನನಗೆ ಹೆಮ್ಮೆ. ಆದರೆ ಪ್ಲೇಟುಗಳಲ್ಲಿ ನಮಗೆ ಬೇಕಾದದ್ದು ಬೆಳೆಯಲಿಲ್ಲ. ಮೊದಲ ಶಿಬಿರದ ಪ್ಲೇಟುಗಳಂತೂ ಕರೆಂಟು ಹೋಗಿ ಕೆಟ್ಟು, ಲೆಕ್ಕಕ್ಕೇ ಸಿಕ್ಕಿರಲಿಲ್ಲ.

ಒಂದು ಶಿಬಿರ, ಎರಡು ಶಿಬಿರ, ಮಳೆಗಾಲ ಮುಗಿದು ಚಳಿಗಾಲ ಬಂತು. ಗಂಟಲು ಕೆಂಪಾಗಿದೆ, ನುಂಗಲು ಆಗುವುದಿಲ್ಲ ಎಂದು ಅಳುವ ಮಕ್ಕಳ ಮಾದರಿಯಲ್ಲೂ ನಾವು ಹುಡುಕುವ ಬ್ಯಾಕ್ಟೀರಿಯಾ ಇಲ್ಲ. ಅದೇ ವೇಳೆ ಕಾರವಾರ ಪೇಟೆಯ ಎರಡು ಶಾಲೆಗಳಲ್ಲಿ ತಂತ್ರಜ್ಞರು ತಾವೇ ಹೋಗಿ ತೆಗೆದುಕೊಂಡು ಬರುತ್ತಿದ್ದ ಮಾದರಿಗಳಲ್ಲಿ ಅದು ಸಿಗುತ್ತಿತ್ತು. ಅವರು ಪಾಠದ ನಡುವೆ ಹೇಳದೆ ಕೇಳದೆ ಹೋಗಿ, ಸಾಲಾಗಿ ಬಾಯಿ ತೆರೆಸಿ ಬರುತ್ತಿದ್ದರು. ಆದರೆ ಆ ಶಾಲೆಗಳು ಎರಡೇ, ಅಷ್ಟರಿಂದ ಒಂದು ಕರಾವಳಿಯ ಲೆಕ್ಕ ಹೇಳಲಾಗುವುದಿಲ್ಲ.

ನನಗೆ ಸಿಟ್ಟು ಬಂದರೆ ಮೊದಲು ಕಾಣುವುದು ಬೇರೆಯವರ ತಪ್ಪು. "ನಿಮ್ಮ ಪ್ಲೇಟೇ ಸರಿ ಇಲ್ಲ" ಎಂದೆ ತಂತ್ರಜ್ಞರಿಗೆ. "ಬಸ್ಸಲ್ಲಿ ರಕ್ತ ಕುಲುಕಿ ಹಾಳಾಗಿರ್ತದೆ, ನೀವು ನೋಡೂದಿಲ್ಲ."

ಅವರು ಕೈಯಲ್ಲಿದ್ದ ಪ್ಲೇಟನ್ನು ಮೆಲ್ಲಗೆ ಕೆಳಗಿಟ್ಟರು. "ರಕ್ತ ಒಂದೇ, ಅಗಾರ್ ಒಂದೇ, ಪೆಟ್ಟಿಗೆ ಒಂದೇ. ಕಾರವಾರದ್ದು ಬೆಳೀತದೆ, ನಿಮ್ದು ಬೆಳೆಯೂದಿಲ್ಲ. ಅರೇ ದೇವಾ, ನನ್ನ ಪ್ಲೇಟಿಗೆ ಅಂಕೋಲೆ ಮೇಲೆ ಸಿಟ್ಟುಂಟಾ?"

"ಹಾಗಾದ್ರೆ ನಂಗೆ ಕಡ್ಡಿ ಹಿಡಿಯೂಕೆ ಬರೂದಿಲ್ಲ ಅಂತ ನೀವು ಹೇಳೂದು."

"ನಾನು ಹೇಳ್ಲಿಲ್ಲ. ನೀವೇ ಹೇಳಿದ್ದು."

ಆ ದಿನದಿಂದ ಅವರು ನನ್ನೊಡನೆ ಮಾತು ಬಿಟ್ಟರು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಇಡುತ್ತಿದ್ದರು. ಎರಡು ಕೋಣೆಯ ಪ್ರಯೋಗಾಲಯದಲ್ಲಿ ಮಾತು ಬಿಡುವುದು ಸುಲಭವಲ್ಲ. ಒಬ್ಬರು ಕದಲಬೇಕೆಂದರೆ ಇನ್ನೊಬ್ಬರು ಸರಿಯಬೇಕು. ಮೇಡಂ ಮಾತ್ರ ಇಬ್ಬರನ್ನೂ ಗಮನಿಸದವರಂತೆ, ನನ್ನ ಕಡ್ಡಿ ಹಿಡಿಯುವ ಕೈಯನ್ನೂ ಅವರ ಪ್ಲೇಟುಗಳನ್ನೂ ಸರದಿಯಲ್ಲಿ ಪರೀಕ್ಷಿಸಿದರು. ಎರಡೂ ಸರಿಯಾಗಿದ್ದವು. ಅದೇ ಇನ್ನೂ ದೊಡ್ಡ ತಲೆನೋವು.

ಸೈಬರ್ ಕೆಫೆಗೆ ಹೋಗಿ ಮಿಂಚಂಚೆ ಮುದ್ರಿಸಿಕೊಂಡು ಬರುವ ಕೆಲಸವೂ ನನ್ನದೇ. ಒಂದು ದಿನ ಬಂದ ಪತ್ರವನ್ನು ಪ್ರಿಂಟರಿನ ಪಕ್ಕ ನಿಂತೇ ಓದಿದೆ. ಎಲ್ಲ ಪ್ರಯೋಗಾಲಯಗಳ ಮಾಹಿತಿ ಕೂಡಿಸುವವರು ಬರೆದಿದ್ದರು: ಅಂಕೋಲೆ ಭಾಗದಲ್ಲಿ ಈ ಸೋಂಕು ಇಲ್ಲವೆಂದೇ ತೋರುತ್ತದೆ, ಅಲ್ಲಿ ಶಿಬಿರ ಮುಂದುವರಿಸಲು ಕಾರಣವಿಲ್ಲ, ಎರಡು ತಿಂಗಳ ನಂತರದ ಸಭೆಯಲ್ಲಿ ಆ ಕೇಂದ್ರವನ್ನು ಕೈಬಿಡುವ ಬಗ್ಗೆ ತೀರ್ಮಾನವಾಗಲಿದೆ.

ಸೋಂಕು ಇಲ್ಲ! ಮುಂದಿನ ಮಂಗಳವಾರ ಅಕ್ಕನಿಗೆ ಇಂಜೆಕ್ಷನ್ ಇತ್ತು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಸಮುದ್ರದ ಕಡೆ ಮುಖ ಮಾಡಿ ಅತ್ತೆ. ಕಾರವಾರದಲ್ಲಿ ಅಳಲು ಜಾಗಕ್ಕೇನೂ ಬರವಿಲ್ಲ, ಗಾಳಿಗೆ ಕಣ್ಣು ಉರಿಯಿತು ಎಂದರೆ ಯಾರಾದರೂ ನಂಬುತ್ತಾರೆ.

ಅದೇ ವಾರ ಅವರ್ಸೆಯಲ್ಲಿ ಶಿಬಿರ. ಈ ಸಲ ಅಕ್ಕನ ಮಗಳೂ ಬರುವವಳಿದ್ದಳು. ನಾಲ್ಕು ದಿನದಿಂದ ಅವಳಿಗೆ ಗಂಟಲು ನೋವು, ಸಣ್ಣ ಜ್ವರ. ಅಕ್ಕನನ್ನು ಕೊಟ್ಟದ್ದು ಅವರ್ಸೆಯಲ್ಲೇ, ಹಿಂದಿನ ದಿನವೇ ನಾನು ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಎದ್ದು ಹಿತ್ತಿಲ ಕಡೆ ಹೋದರೆ ಬಾವಿಕಟ್ಟೆಯ ಹತ್ತಿರ ಅಕ್ಕ ಮಗಳನ್ನು ಮೊಣಕಾಲ ಸಂದಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಹಬೆಯಾಡುವ ಚೊಂಬು. ಒಂದು ತಟ್ಟೆಯಲ್ಲಿ ಉಪ್ಪು, ಅರಿಶಿನ, ಅರೆದ ಪೇರಲೆ ಚಿಗುರು. ಇನ್ನೊಂದು ಲೋಟದಲ್ಲಿ ಕಡುಕೆಂಪು ಮುರುಗಲ ಹುಳಿ. ಒಂದಾದ ಮೇಲೊಂದರಂತೆ ಮುಕ್ಕಳಿಸುತ್ತಿತ್ತು ಮಗು. ಗಂಟಲಿನ ತಳದವರೆಗೆ ಗಳಗಳ ಮಾಡಿಸಿ ಉಗಿಸುತ್ತಿದ್ದಳು ಅಕ್ಕ. ಕೊನೆಗೆ ಪೇರಲೆ ಚಿಗುರನ್ನು ಬೆರಳಿಗೆ ಹಚ್ಚಿಕೊಂಡು ಮಗುವಿನ ಗಂಟಲೊಳಗೇ ಹಾಕಿ ತಿಕ್ಕಿದಳು. ಮಗು ಓಕರಿಸಿತು.

"ಎಂತಾ ಮಾಡ್ತೆ ಅಕ್ಕಾ?"

"ಮತ್ತೆಂತಾ? ನೀನೇ ಹೇಳಿದ್ಯಲೆ, ಗಂಟಲು ಚೊಕ್ಕ ಮಾಡ್ಸ್ಕಂಡ್ ಬನ್ನಿ ಅಂದ್ಕಂಡ್." ಅವಳ ಮುಖದಲ್ಲಿ ಬೆವರು, ಉಸಿರು ಏರಿತ್ತು. "ಕೇರಿಯವ್ರೆಲ್ಲ ನಿನ್ನೆಯಿಂದನೇ ಮಾಡ್ತೇ ಇದ್ರು. ಮೂರು ಮೂರು ಸಲ. ನಿನ್ನ ಅಕ್ಕನ ಮಗ್ಳ ಬಾಯಿ ನಾತ ಹೊಡೆದ್ರೆ ನಿನ್ನ ಮಾನ ಹೋಗೂದಿಲ್ವನೇ?"

ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಉಪ್ಪು, ಅರಿಶಿನ, ಹುಳಿ, ಚಿಗುರು. ಮೂರು ಸಲ. ಹಿಂದಿನ ದಿನದಿಂದ. ಗಂಟಲಲ್ಲಿ ಇದ್ದದ್ದನ್ನೆಲ್ಲ ತೊಳೆದು ಬಾವಿಕಟ್ಟೆಗೆ ಉಗಿಸಿ, ಖಾಲಿ ಗಂಟಲನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದರು. ಹುಡುಕುವವಳೂ ನಾನೇ, ಸಿಗದ ಹಾಗೆ ಮಾಡಿದವಳೂ ನಾನೇ. ಕವಾಟ ಕೆಟ್ಟ ನನ್ನ ಅಕ್ಕ, ಮೆಟ್ಟಿಲು ಹತ್ತಲಾರದವಳು, ಏದುಸಿರು ಬಿಡುತ್ತ ಬಗ್ಗಿ ಕೂತು ತನ್ನ ಮಗಳ ಗಂಟಲಿನ ಸಾಕ್ಷಿಯನ್ನು ತಿಕ್ಕಿ ಅಳಿಸುತ್ತಿದ್ದಳು, ನನ್ನ ಮಾನ ಉಳಿಸಲಿಕ್ಕೆ.

ಆಮೇಲೆ ಮಾಡಿದ್ದು ನನಗೇ ಆಶ್ಚರ್ಯ. ಸಾಮಾನ್ಯವಾಗಿ ನಾನು ನನ್ನ ತಪ್ಪಿಗೆ ಒಂದು ಕಾರಣ ಹುಡುಕಿಯೇ ಹುಡುಕುತ್ತೇನೆ. ಅವತ್ತು ಹುಡುಕಲಿಲ್ಲ. ಶಿಬಿರಕ್ಕೆ ಬಂದಿಳಿದ ಮೇಡಂ ಅವರನ್ನು ಜೀಪಿನ ಹತ್ತಿರವೇ ತಡೆದು, ಎಲ್ಲ ಹೇಳಿದೆ. ಒಣಮೀನು, ತೇಗು, ನನ್ನ ನಾಚಿಕೆ, ನನ್ನ ಭಾಷಣ, ಎಲ್ಲ. ಹೇಳುವಾಗ ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಕೆಲಸ ಹೋದರೂ ಆದೀತು, ಆ ಪಟ್ಟಿಯಿಂದ ನಮ್ಮ ಊರು ಹೋಗದಿದ್ದರೆ ಸಾಕು ಎನ್ನುವಷ್ಟಕ್ಕೆ ಬಂದಿದ್ದೆ.

ಮೇಡಂ ಜೀಪಿನ ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿದರು. ಆಮೇಲೆ, "ಯಾವ ಯಾವ ಊರಲ್ಲಿ ಹೀಗೆ ಹೇಳಿದೆ?" ಎಂದರು.

"ಎಲ್ಲಾ ಕಡೆ."

"ಒಂದೂ ಬಿಡದೆ?"

"ಒಂದೂ ಬಿಡದೆ ಮೇಡಂ."

ಅವರ ತುಟಿ ಅದುರಿತು. ಸಿಟ್ಟು ಎಂದುಕೊಂಡೆ. ಅವರು ನಗು ತಡೆಯುತ್ತಿದ್ದರು. "ಎಂಥ ಶಿಸ್ತಿನ ಹುಡುಗಿಯಮ್ಮಾ ನೀನು" ಎಂದರು. ಮತ್ತೆ ಮುಖ ಗಂಭೀರ ಮಾಡಿ, "ಇದನ್ನೆಲ್ಲ ಇವತ್ತೇ ಬರಿ. ಊರು, ದಿನ, ನೀನು ಹೇಳಿದ ಮಾತು, ಅವರು ಬಳಸಿದ ಸಾಮಾನು. ನಿನ್ನ ಕೈಯಲ್ಲೇ ಬರಿ. ಎಲ್ಲ ಪ್ರಯೋಗಾಲಯಕ್ಕೂ ಹೋಗಬೇಕು. ನಾನು ಸಹಿ ಹಾಕ್ತೀನಿ, ಯಾಕಂದ್ರೆ ಒಂದು ಸಲವಾದ್ರೂ ನಿನ್ನ ಜೊತೆ ಹಿಂದಿನ ದಿನ ಊರಿಗೆ ಬಂದು ನೋಡಬೇಕಿತ್ತು, ನಾನು ಬರಲಿಲ್ಲ" ಎಂದರು. ನನ್ನ ತಪ್ಪನ್ನು ಅವರು ಅರ್ಧ ಹೊತ್ತುಕೊಂಡ ರೀತಿ ಅದು. ಅಂಥ ಜನರೊಡನೆ ಕೆಲಸ ಮಾಡಿದ್ದೇನೆ ಎಂಬುದು ನನ್ನ ಪುಣ್ಯ.

ತಂತ್ರಜ್ಞರ ಹತ್ತಿರ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಅವರಂತೆಯೇ ಒಂದು ಚೀಟಿ ಬರೆದು ಅವರ ಮೇಜಿನ ಮೇಲಿಟ್ಟೆ: ತಪ್ಪು ನನ್ನದು, ನಿಮ್ಮ ಪ್ಲೇಟುಗಳ ಕ್ಷಮೆ ಕೇಳುತ್ತೇನೆ. ಅವರು ಓದಿ, ಕಿಸೆಗೆ ಹಾಕಿಕೊಂಡು, ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಒಳಗಿನ ಖಾಲಿ ಪ್ಲೇಟುಗಳಿಗೆ ಹೇಳಿದರು, "ಕೇಳ್ತಾ? ಬಂತು." ಅಲ್ಲಿಗೆ ಮಾತು ಮತ್ತೆ ಶುರುವಾಯಿತು.

ಸಭೆಗೆ ಇನ್ನು ಏಳು ವಾರ. ಅಷ್ಟರೊಳಗೆ ಎಲ್ಲ ಊರುಗಳ ಮಕ್ಕಳ ಮಾದರಿ ಹೊಸದಾಗಿ ತೆಗೆಯಬೇಕು. ಅವರ್ಸೆಯಿಂದಲೇ ಶುರು ಮಾಡುವುದೆಂದಾಯಿತು. ಎರಡು ದಿನ ಬಿಟ್ಟು, ಹೇಳದೆ ಕೇಳದೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಮೂವರೂ ಕೇರಿಗೆ ಹೋದೆವು. ಹೇಳದೆ ಬಂದದ್ದೇ ಅಪರಾಧವಾಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿದರು. ಚೊಂಬುಗಳ ಸದ್ದು ಕೇಳಿಸಿತು.

"ತೊಳಿಬೇಡಿ! ತೊಳಿಬೇಡಿ!" ಎಂದು ನಾನು ಮನೆ ಮನೆಯ ಮುಂದೆ ಓಡುತ್ತ ಕೂಗಿದೆ. ಆರು ತಿಂಗಳು ತೊಳೆಯಿರಿ ಎಂದು ಗಂಟಲು ಹರಿದುಕೊಂಡವಳು ಈಗ ತೊಳೆಯಬೇಡಿ ಎಂದರೆ ಯಾರು ನಂಬುತ್ತಾರೆ? ಕೇರಿಗೆಲ್ಲ ಹಿರಿಯಳಾದ ಒಬ್ಬ ಅಜ್ಜಿ ಜಗುಲಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಆಯುಷ್ಯವೆಲ್ಲ ಮೀನು ಮಾರಿದ ಹೆಂಗಸು, ಅವಳ ದನಿಗೆ ಅಲೆಯ ಸದ್ದೂ ಸಾಟಿಯಲ್ಲ.

"ಎಂತಾ ಹುಡ್ಗಿಯೇ ನೀನು? ನಾವು ಮೀನ್ ತಿಂಬವ್ರು, ಉಂಡ ಬಾಯಿ ನಾತ ಬರ್ತದೆ. ಹಂಗೇ ದಾಕ್ಟ್ರ ಮುಂದೆ ಕಿಸಿಲಿಕ್ಕಾಗ್ತದ್ಯ? ಅಂದು ಬೈದೋಳು ನೀನೇ ಅಲ್ವ?"

"ನಾನೇ ಅಜ್ಜಿ. ಅಂದು ನಾ ಹೇಳಿದ್ದು ತಪ್ಪು. ಹುಳ ಗಂಟಲಲ್ಲಿರ್ತದೆ, ನೀವು ತೊಳೆದ್ರೆ ನಮ್ಗೆ ಸಿಕ್ಕೂದಿಲ್ಲ."

"ಹಂಗಾರೆ ಮೊದ್ಲು ನಿನ್ನ ಬಾಯಿ ತೋರ್ಸು."

ನಾನು ಅಳುಕಿದ್ದು ಹೌದು. ಅಕ್ಕನ ಮನೆಯಲ್ಲಿ ಆಗಷ್ಟೇ ಬಂಗಡೆ ಸಾರು ಉಂಡು ಬಂದಿದ್ದೆ. ಆದರೂ ಜಗುಲಿಯ ಮೇಲೆ ಕೂತು ಬಾಯಿ ತೆರೆದೆ. ತಂತ್ರಜ್ಞರು ಟಾರ್ಚು ಹಿಡಿದರು. ಅಜ್ಜಿ ಬಗ್ಗಿ ನೋಡಿ, ಮೂಗು ಮುಚ್ಚಿ, "ಬಂಗ್ಡೆ" ಎಂದು ತೀರ್ಪು ಕೊಟ್ಟಳು. ಕೇರಿಯಿಡೀ ನಕ್ಕಿತು. ನನ್ನ ಗಂಟಲಿಗೆ ಕಡ್ಡಿ ತಾಗಿಸಿ ತೆಗೆದರು. ಆಮೇಲೆ ಯಾರೂ ಕರೆಯದೆಯೇ ದೊಡ್ಡ ಮೇಡಂ ಬಂದು ನನ್ನ ಜಾಗದಲ್ಲಿ ಕೂತು, ಕನ್ನಡಕ ತೆಗೆದು, ಅಷ್ಟು ದೊಡ್ಡ ಬಾಯಿ ತೆರೆದರು. ಅಜ್ಜಿ ಟಾರ್ಚನ್ನು ತಂತ್ರಜ್ಞರ ಕೈಯಿಂದ ಕಿತ್ತುಕೊಂಡು ಸಾವಕಾಶವಾಗಿ ನೋಡಿದಳು. "ಇವ್ರದ್ದು ಮಜ್ಜಿಗೆ. ಪಾಪ, ಮೀನೇ ತಿಂಬೂದಿಲ್ಲ" ಎಂದು ಮರುಕಪಟ್ಟಳು. ಅದಾದ ಮೇಲೆ ತನ್ನ ಮೊಮ್ಮಗಳನ್ನು ತಾನೇ ಎಳೆದು ತಂದು ಕೂರಿಸಿದಳು. ಮೊದಲ ಶಿಬಿರದಲ್ಲಿ ತೇಗಿದ್ದವಳು ಅವಳೇ.

ಅವತ್ತು ಅಕ್ಕನ ಮಗಳ ಮಾದರಿಯನ್ನು ನಾನು ತೆಗೆಯಲಿಲ್ಲ. ಮೇಡಂ ತೆಗೆದರು.

ಮರುದಿನ ಬೆಳಿಗ್ಗೆ ನಾನು ಕಾರವಾರಕ್ಕೆ ಮೊದಲ ಬಸ್ಸಿಗೇ ಹೋದೆ. ನನಗಿಂತ ಮೊದಲು ತಂತ್ರಜ್ಞರು ಬಂದಿದ್ದರು. ಇನ್‌ಕ್ಯುಬೇಟರಿನಿಂದ ಒಂದೊಂದೇ ಪ್ಲೇಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಆ ಬ್ಯಾಕ್ಟೀರಿಯಾ ಬೆಳೆದರೆ ಸುತ್ತಲಿನ ರಕ್ತವನ್ನು ತಿಂದು ಮುಗಿಸುತ್ತದೆ. ಆ ಜಾಗದಲ್ಲಿ ಕೆಂಪು ಮಾಯವಾಗಿ, ಗಾಜಿನ ಹಾಗೆ ಆಚೆಗಿನದು ಕಾಣುತ್ತದೆ. ಮೊದಲ ಪ್ಲೇಟು ಪೂರ್ತಿ ಕೆಂಪು. ಎರಡನೆಯದೂ. ಮೂರನೆಯದನ್ನು ಅವರು ಹಿಡಿದವರು ಇಳಿಸಲೇ ಇಲ್ಲ. ಸುಮ್ಮನೆ ನನ್ನ ಕಡೆ ಚಾಚಿದರು. ಕೆಂಪಿನ ನಡುವೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು, ಒಂದೊಂದರ ಸುತ್ತಲೂ ತಿಳಿಯಾದ ವೃತ್ತ. ಆ ವೃತ್ತಗಳಲ್ಲಿ ಕಿಟಕಿಯಾಚೆಯ ಗಾಳಿಮರಗಳು ಕಾಣುತ್ತಿದ್ದವು. ಆಮೇಲೆ ಇನ್ನೊಂದು, ಮತ್ತೂ ಒಂದು.

"ಬೆಳೀತು" ಎಂದರು ಅವರು, ಬಿಗಿಹಿಡಿದ ಉಸಿರು ಬಿಡುತ್ತ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಮಕ್ಕಳ ಗಂಟಲಲ್ಲಿ ರೋಗ ಸಿಕ್ಕಿತೆಂದು ಚಪ್ಪಾಳೆ ತಟ್ಟಿದ ಪಾಪಿಗಳು ನಾವೇ ಇರಬೇಕು. ಪ್ಲೇಟಿನ ಮೇಲೆ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಸಂಖ್ಯೆ ಬರೆದವಳು ನಾನೇ ಅಲ್ಲವೇ. ಮೂರನೇ ಪ್ಲೇಟನ್ನು ತಿರುಗಿಸಿ ನೋಡಿದಾಗ ನನ್ನ ಚಪ್ಪಾಳೆ ನಿಂತಿತು. ಅದು ಅಕ್ಕನ ಮಗಳದ್ದು.

ಮಧ್ಯಾಹ್ನದೊಳಗೆ ಮೇಡಂ, ನಾನು, ಔಷಧ, ಎಲ್ಲ ಅವರ್ಸೆಯಲ್ಲಿದ್ದೆವು. ಹತ್ತು ದಿನ ತಪ್ಪದೆ ಔಷಧ ಕೊಟ್ಟರೆ ಗಂಟಲಿನಲ್ಲೇ ಅದು ಮುಗಿಯುತ್ತದೆ, ಹೃದಯದವರೆಗೆ ಹೋಗುವುದಿಲ್ಲ ಎಂದು ಮೇಡಂ ಅಕ್ಕನಿಗೆ ಹೇಳಿದರು. ಕೇರಿಯ ಇತರ ಮಕ್ಕಳಿಗೂ ಅಂದೇ ಔಷಧ ಶುರುವಾಯಿತು. ಅಕ್ಕ ಕೇಳಿಸಿಕೊಂಡು, "ನಂಗೂ ಆಗ ಇಷ್ಟೇ ಸಾಕಾಗಿತ್ತಾ?" ಎಂದಳು. ಮೇಡಂ ಸುಳ್ಳು ಹೇಳುವವರಲ್ಲ. "ಹೌದಮ್ಮ" ಎಂದರು. ಅಕ್ಕ ಎದ್ದು ಒಳಗೆ ಹೋಗಿ, ಎಲ್ಲರಿಗೂ ಚಹಾ ಮಾಡಿಕೊಂಡು ಬಂದಳು. ಮಗಳ ಹತ್ತು ದಿನದ ಔಷಧವನ್ನು ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ.

ಉಳಿದ ಊರುಗಳಿಗೂ ಹೋದೆವು. ಅಗಸೂರಿನಲ್ಲಿ ಶಾಲೆಯ ಆಟದ ಹೊತ್ತಿಗೆ, ರಾಮನಗುಳಿಯಲ್ಲಿ ಮಕ್ಕಳು ಹೊಳೆಯಿಂದ ಬರುವಾಗ. ಎಲ್ಲ ಕಡೆಯೂ ಮೊದಲು ನನ್ನ ಬಾಯಿ ತೆರೆದು ತೋರಿಸುವುದು ಒಂದು ಪದ್ಧತಿಯೇ ಆಗಿಹೋಯಿತು. ನನ್ನ ಪತ್ರಕ್ಕೆ ಆ ಎತ್ತರದ ವಿದೇಶಿ ವಿಜ್ಞಾನಿಯಿಂದ ಉತ್ತರ ಬಂತು. ತಾನು ಅಂದು ಮೂಗಿನ ಮುಂದೆ ಕೈ ಬೀಸಿದ್ದೇ ಇದಕ್ಕೆಲ್ಲ ಮೂಲವಾದದ್ದರಿಂದ ಈ ತಪ್ಪಿನಲ್ಲಿ ತನಗೂ ಒಂದು ಪಾಲು ಬೇಕು ಎಂದು ಬರೆದಿದ್ದರು. ಹೀಗೆ ಪಾಲು ಕೇಳುವವರೇ ಹೆಚ್ಚಾಗಿ ನನ್ನ ತಪ್ಪು ಕೊನೆಗೆ ತೀರಾ ಸಣ್ಣದಾಯಿತು.

ಸಭೆ ನಡೆಯಿತು. ಅಂಕೋಲೆಯನ್ನು ಕೈಬಿಡಲಿಲ್ಲ. ನಮ್ಮ ಬ್ಯಾಕ್ಟೀರಿಯಾಗಳನ್ನು ದಕ್ಷಿಣದ ದೊಡ್ಡ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವುಗಳಲ್ಲೊಂದು ಆವರೆಗೆ ಪಟ್ಟಿಯಲ್ಲೇ ಇಲ್ಲದ ಬಗೆ ಎಂದು ತಿಳಿಯಿತು. ಅವರ್ಸೆಯ ಕೇರಿಯಲ್ಲಿ ಸಿಕ್ಕಿದ್ದು. ಲಸಿಕೆ ಇನ್ನೂ ಬಂದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕೆಲಸ ಒಬ್ಬರ ಆಯುಷ್ಯದಲ್ಲಿ ಮುಗಿಯುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು, ಹೇಳುತ್ತಲೇ ಮುಂದಿನ ಶಿಬಿರಕ್ಕೆ ಬೂಟಿನ ದಾರ ಕಟ್ಟುತ್ತಿದ್ದರು. ಆದರೆ ಅದು ಬರುವ ದಿನ ನಮ್ಮ ಕರಾವಳಿಯನ್ನು ಬಿಟ್ಟು ಬರುವುದಿಲ್ಲ.

ಹೊಸ ಪಟ್ಟಿಯ ಪ್ರತಿ ನಮಗೂ ಬಂತು. ಅದರಲ್ಲಿ ಒಂದು ಸಾಲು, ಬಗೆಯ ಸಂಖ್ಯೆ, ಅದರ ಮುಂದೆ ಸಿಕ್ಕಿದ ಜಾಗ: ಅಂಕೋಲೆ. ಅಕ್ಕನ ಇಂಜೆಕ್ಷನ್ ದಿನ ಅದನ್ನು ಆಸ್ಪತ್ರೆಗೆ ಒಯ್ದು, ಮೆಟ್ಟಿಲಿನ ಬುಡದಲ್ಲಿ ನಿಂತು ಅವಳಿಗೆ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬಾರದು, ನಾನು ಬೆರಳಿಟ್ಟ ಜಾಗವನ್ನು ತಾನೂ ಬೆರಳಿಟ್ಟು ಮುಟ್ಟಿದಳು.

"ಕಾರ್ಡಿಗೆ ನಮ್ಮ ಹೆಸ್ರು ಹತ್ತಿತು ಹಂಗಾದ್ರೆ" ಎಂದಳು. ಇಷ್ಟು ವರ್ಷ ಆ ಸೂಜಿಗೆ ಒಂದು ಹನಿ ಕಣ್ಣೀರು ಹಾಕದ ನನ್ನ ಅಕ್ಕ ಅಲ್ಲಿ ನಿಂತು ಅತ್ತಳು.

ನಾಲ್ಕನೇ ಮೆಟ್ಟಿಲಿಗೆ ಅವಳು ನಿಂತಳು. ಈ ಸಲ ಸೆರಗು ಸರಿ ಮಾಡಿಕೊಳ್ಳಲಿಲ್ಲ, ನನ್ನ ಹೆಗಲಿಗೆ ಕೈಯಿಟ್ಟು ಬಾಯಿ ತೆರೆದು ಉಸಿರು ತೆಗೆದುಕೊಂಡಳು. ಅವಳ ಮಗಳು ಹನ್ನೊಂದೂ ಮೆಟ್ಟಿಲನ್ನು ಒಂದೇ ಓಟದಲ್ಲಿ ಹತ್ತಿ, ಮೇಲೆ ನಿಂತು, ಒಂಚೂರೂ ಏದುಸಿರಿಲ್ಲದೆ ನಮ್ಮನ್ನು ಕೂಗುತ್ತಿದ್ದಳು, "ಬೇಗ ಬನ್ನಿಯೇ!"